ಕಟಿಂಗ್ ಮಾಸ್ಟರ್ ಭಾವನೂ ಮೂರು ತಿಂಗಳ ವಿಮೆಯೂ

ನಮ್ಮ ಭಾವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಬೀದಿಗೆಲ್ಲ ಅವರು ಮಾಸ್ಟ್ರು. ಬಟ್ಟೆ ಫ್ಯಾಕ್ಟರಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು, ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ. ಹಾಲು ಹಾಕುವವನೂ ಮಾಸ್ಟ್ರೇ ಅಂತಾನೆ, ಬ್ಯಾಂಕಿನ ಮ್ಯಾನೇಜರೂ ಮಾಸ್ಟ್ರೇ ಅಂತಾರೆ, ಜಗಳ ಆದ ದಿನ ನಮ್ಮಕ್ಕನೂ "ಬನ್ನಿ ಮಾಸ್ಟ್ರೇ, ಊಟಕ್ಕೆ ದಯಮಾಡಿಸಿ" ಅಂತಾಳೆ. ನನಗೊಬ್ಬಳಿಗೇ ಅವರು ಭಾವ. ನಾನು ಅವರ ಒಬ್ಬಳೇ ನಾದಿನಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನೆತ್ತುವ ಕೆಲಸ ನನ್ನದು. ಬೆಳಗ್ಗಿಂದ ಸಂಜೆವರೆಗೆ ಎಲ್ಲರ ಹತ್ತಿರ ನಯವಾಗಿ ಮಾತಾಡಿ, ಮಿಕ್ಕಿದ ಖಾರವನ್ನೆಲ್ಲ ತಂದು ಅವರ ಮೇಲೆ ಸುರಿಯುತ್ತೇನೆ ಅಂತ ಅವರ ದೂರು. ಸುಳ್ಳೇನಲ್ಲ.

ಅವರು ಕೆಲಸ ಮಾಡುವುದನ್ನು ನೋಡಬೇಕಿತ್ತು ನೀವು. ಈ ಗೋಡೆಯಿಂದ ಆ ಗೋಡೆಗೆ ಒಂದು ಮೇಜು. ಅದರ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸುವುದು, ಸುಕ್ಕು ಬಿಡಿಸಿ ಅಂಚಿಗೆ ಭಾರ ಇಡುವುದು, ಮೇಲೆ ರಟ್ಟಿನ ಅಚ್ಚು ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಆಮೇಲೆ ಎಡಗೈಗೆ ಉಕ್ಕಿನ ಬಲೆಯ ಗ್ಲೌಸು ಹಾಕಿಕೊಂಡು ಕರೆಂಟಿನ ಮೆಷಿನ್ ಹಿಡಿದರೆ ಒಂದೇ ಓಟಕ್ಕೆ ಒಂದು ರಾಶಿ ತೋಳು, ಒಂದು ರಾಶಿ ಬೆನ್ನು. ಗೆರೆ ತಪ್ಪಿದರೆ ಹಾಳಾಗುವುದು ಒಂದು ಅಂಗಿಯಲ್ಲ, ರಾಶಿಗೆ ರಾಶಿಯೇ ಕಸ. ಅದಕ್ಕೇ ಹೊಲಿಗೆಯ ಒಳಗೆ ಮಾರ್ಜಿನ್ ಅಂತ ಬಟ್ಟೆ ಬಿಡುವುದರಲ್ಲಿ ಅವರದು ಧಾರಾಳ ಕೈ. "ಒಂದಿಷ್ಟು ಬಟ್ಟೆ ಒಳಗಿರಲಿ ಬಿಡ್ರಪ್ಪ" ಅನ್ನುವುದು ಬಾಯಿಪಾಠ.

ಫ್ಯಾಕ್ಟರಿಯಲ್ಲಿ ಬಿಟ್ಟರೆ ಸರಿ, ಮನೆಯಲ್ಲೂ ಅದೇ ಮಾರ್ಜಿನ್ನು! ಬಸ್ಸು ಹೊರಡುವ ಒಂದು ಗಂಟೆ ಮೊದಲೇ ಸ್ಟ್ಯಾಂಡಿನಲ್ಲಿ ಕೂತಿರಬೇಕು. ಛತ್ರಿ ಒಂದಿದ್ದರೆ ಸಾಲದು, ಎರಡು. ಅಕ್ಕನಿಗೆ ಚಪ್ಪಲಿ ತಂದರೆ ಒಂದು ನಂಬರ್ ದೊಡ್ಡದೇ ತರೋರು, ಪಾಪ, ಅವಳು ಮನೆ ತುಂಬ ಪಟಪಟ ಅಂತ ಓಡಾಡೋಳು. "ಅವಳ ಕಾಲು ಇನ್ನೂ ಬೆಳೀತಿದೆ ಅಂದ್ಕೊಂಡಿದೀರಾ ಭಾವ?" ಅಂದರೆ, "ಕಚ್ಚೋದಕ್ಕಿಂತ ವಾಸಿ ಅಲ್ವೇನಮ್ಮ" ಅನ್ನೋರು. ಇಂಥವರನ್ನು ಬೈದು ಏನು ಪ್ರಯೋಜನ ಹೇಳಿ.

ಅಕ್ಕ ಅದೇ ಫ್ಯಾಕ್ಟರಿಯಲ್ಲಿ ಕಾಜಾ ಗುಂಡಿ ಸೆಕ್ಷನ್ನಿನವಳು. ಇವರು ಕತ್ತರಿಸಿ ಕಳಿಸಿದ್ದು ಅಷ್ಟು ಜನರ ಕೈ ದಾಟಿ ಕೊನೆಗೆ ಅವಳ ಮೆಷಿನ್ನಿಗೆ ಬಂದು ಗುಂಡಿ ಹಾಕಿಸಿಕೊಂಡು ಹೋಗುತ್ತಿತ್ತು. ಹಾಗೆ ಪರಿಚಯ, ಹಾಗೆ ಮದುವೆ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವರಿಬ್ಬರೂ ನನ್ನ ಮುಂದೆ ಮಾತಾಡಿದ್ದಿಲ್ಲ, ನಾನೂ ಕೆದಕಿದ್ದಿಲ್ಲ. ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಒಂದು ಟೀ ಕುಡಿದವರಲ್ಲ. ಅವಳು ತವರಿಗೆ ಅಂತ ನನ್ನ ಮನೆಗೆ ಬಂದರೆ ಹಿಂದೆಯೇ ಇವರು ಒಂದು ಚೀಲ ಹಿಡಿದು ಪ್ರತ್ಯಕ್ಷ. "ನಾನು ಬಂದಿದ್ದು ಚೀಲ ಕೊಟ್ಟು ಹೋಗೋಕೆ" ಅನ್ನೋರು, ಮಾರನೇ ದಿನವೂ ಕೂತಿರೋರು.

ಬಟ್ಟೆಯ ಧೂಳು ಕುಡಿದೂ ಕುಡಿದೂ ಅಕ್ಕನಿಗೆ ಉಬ್ಬಸ ಅಂಟಿಕೊಂಡಿತು. ದಿನಾ ಇನ್ಹೇಲರ್ ಪಂಪಿನಿಂದ ಬೆಳಗ್ಗೆ ಎರಡು ಪಫ್, ಸಂಜೆ ಎರಡು ಪಫ್ ಎಳೆದುಕೊಂಡರೆ ಆರಾಮಾಗಿ ಇರುತ್ತಿದ್ದಳು. ಆದರೆ ಚಳಿ ಅಂದರೆ ಅವಳಿಗೆ ಶತ್ರು. ಕೆಲವು ವರ್ಷದ ಹಿಂದೆ ಚಳಿಗಾಲದಲ್ಲಿ ಒಂದು ಸಲ ತುಟಿ ನೀಲಿಯಾಗಿ, ಮಾತೇ ಹೊರಡದೆ, ಆಂಬುಲೆನ್ಸಿನಲ್ಲಿ ಹಾಕಿಕೊಂಡು ಓಡಿದ್ದೆವು. ದಾರಿಯುದ್ದಕ್ಕೂ ಭಾವ ಅವಳ ಕಾಲಿನ ಹೆಬ್ಬೆರಳು ಹಿಡಿದುಕೊಂಡು ಕೂತಿದ್ದರು. ಕೈಗೆ ನರ್ಸು ಏನೇನೋ ಚುಚ್ಚುತ್ತಿದ್ದಳು, ಹಿಡಿಯೋಕೆ ಅಷ್ಟೇ ಜಾಗ ಉಳಿದಿತ್ತು.

ಇಂಥಾ ಇವರಿಗೆ ಪರದೇಶದಿಂದ ಕೆಲಸದ ಕರೆ ಬಂತು. ಫ್ಯಾಕ್ಟರಿ ಮುಚ್ಚಿ ವರ್ಷವಾಗಿತ್ತು. ಮುಂದಿನ ಕೋಣೆಯಲ್ಲೇ ಊಟದ ಮೇಜಿನ ಮೇಲೆ ಪ್ಯಾಂಟಿನ ಕಾಲು ಮಡಿಸುವುದು, ಸೊಂಟ ಸಡಿಲ ಮಾಡುವುದು, ಹೀಗೆ ಕಾಲ ತಳ್ಳುತ್ತಿದ್ದರು. ಅವರ ಹಳೇ ಸೂಪರ್‌ವೈಸರು ಆ ದೇಶಕ್ಕೆ ಹೋಗಿ ಸ್ವಂತ ವರ್ಕ್‌ಶಾಪ್ ಹಾಕಿದ್ದರು. ಆಸ್ಪತ್ರೆ, ಹೋಟೆಲ್ಲುಗಳಿಗೆ ಯೂನಿಫಾರಂ ಹೊಲಿಯುವುದು. "ಮಾಸ್ಟ್ರೇ, ಇಲ್ಲಿ ಮೆಷಿನ್ ಬೇಕಾದಷ್ಟಿದೆ, ಬಟ್ಟೆ ಮುಟ್ಟಿ ನೋಡಿ ಕತ್ತರಿಸೋರು ಇಲ್ಲ. ಮೇಡಂನೂ ಕರ್ಕೊಂಡು ಬನ್ನಿ" ಅಂದರಂತೆ. ಐವತ್ತು ದಾಟಿದ ಮನುಷ್ಯ ಫೋನಿಟ್ಟು ಹುಡುಗನ ಹಾಗೆ ಕನ್ನಡಿ ಮುಂದೆ ಹೋಗಿ ತಲೆ ಬಾಚಿಕೊಂಡರು. ಅಕ್ಕ ಅದನ್ನು ನನಗೆ ಹೇಳಿ ಹೇಳಿ ನಕ್ಕಳು.

ಇಬ್ಬರಿಗೂ ವೀಸಾ ಆಯಿತು. ಒಂದೇ ಕೊಕ್ಕೆ ಅಂದರೆ, ಕಂಪನಿಯ ಆರೋಗ್ಯ ವಿಮೆ ಕೆಲಸಕ್ಕೆ ಸೇರಿ ಮೂರು ತಿಂಗಳು ಆದ ಮೇಲೆಯೇ ಶುರು. ಅಲ್ಲಿಯವರೆಗೆ ನಿಮ್ಮದು ನೀವೇ ತಾತ್ಕಾಲಿಕ ವಿಮೆ ಮಾಡಿಸಿಕೊಂಡು ಬರಬೇಕು, ಅದಿಲ್ಲದೆ ಮಾತ್ರ ಬರಬೇಡಿ ಅಂತ ಸೂಪರ್‌ವೈಸರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಲ್ಲಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದರೆ ಇಲ್ಲಿ ಮನೆ ಮಾರಬೇಕಾಗುತ್ತೆ ಅಂತಲೂ ಅಂದಿದ್ದರು. ಹಳೇ ಕಾಯಿಲೆ ಇದ್ದರೆ ವಿಮೆಯವರು ಮೂಗು ಮುರಿಯುತ್ತಾರೆ ಅಂತ ಬೇರೆ ಒಂದು ಮಾತು ಸೇರಿಸಿದರು ನೋಡಿ, ಅದು ಭಾವನ ತಲೆಯಲ್ಲಿ ಹೊಕ್ಕು ಕೂತುಬಿಟ್ಟಿತು.

ಮುಂದಿನ ವಾರವೇ ಅಕ್ಕನನ್ನು ಕರೆದುಕೊಂಡು ಉಸಿರಿನ ಡಾಕ್ಟರ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಊದುವ ಪರೀಕ್ಷೆ ಮಾಡಿ ಡಾಕ್ಟರು "ಚೆನ್ನಾಗಿದೆ" ಅಂದಿದ್ದೇ ತಡ, ಇವರು ಕುರ್ಚಿ ಮುಂದಕ್ಕೆಳೆದುಕೊಂಡರು.

"ಚೆನ್ನಾಗಿದೆ ಅಂದ್ಮೇಲೆ ಎರಡೆರಡು ಪಫ್ ಯಾಕೆ ಡಾಕ್ಟ್ರೇ? ಒಂದು ಮಾಡಬಹುದಲ್ವಾ?"

"ಮಾಡಬಹುದು. ಅವಸರ ಏನಿಲ್ಲ, ನಿಧಾನಕ್ಕೆ ಮಾಡೋಣ ಅಂತಿದ್ದೆ."

"ಈಗಲೇ ಮಾಡಿಬಿಡಿ. ಚೀಟಿಲಿ ಕಾಯಿಲೆ ಸ್ವಲ್ಪ ಸಣ್ಣದಾಗಿ ಕಾಣಲಿ."

ಡಾಕ್ಟರು ನಕ್ಕು, ನೋಡೋಣ ಅಂತ ಒಂದು ಪಫ್ ಬರೆದುಕೊಟ್ಟರು. ಹೊರಗೆ ಬಂದ ಭಾವನ ಮುಖ ನೋಡಬೇಕಿತ್ತು! ದೊಗಳೆ ಕೋಟನ್ನು ಹಿಡಿದು ಮೈಗೆ ಸರಿಯಾಗಿ ಕೂರಿಸಿದವರ ಗತ್ತು. ಜೀವಮಾನವಿಡೀ ಒಳಗೆ ಬಟ್ಟೆ ಬಿಟ್ಟುಕೊಂಡು ಬಂದ ಮನುಷ್ಯ ಅವತ್ತು ಒಂದು ದಿನ ಬಿಗಿಯಾಗಿ ಕತ್ತರಿಸಿದರು. ಅಕ್ಕನಿಗೆ ಒಂದು ಪಫ್‌ನಿಂದ ತೊಂದರೆಯೇನೂ ಆಗಲಿಲ್ಲ, ಅದು ಬೇರೆ ಮಾತು.

ಆಮೇಲೆ ಶುರುವಾಯಿತು ವಿಮೆ ಆರಿಸುವ ಯಜ್ಞ. ಮೂರು ಕಂಪನಿಯ ಕಾಗದಗಳನ್ನು ಊಟದ ಮೇಜಿನ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಲೋಟ ಇಟ್ಟು, ಸೀಮೆಸುಣ್ಣ ಹಿಡಿದು ಕೂತರು. ಒಂದು ಅಗ್ಗದ್ದು, ಬರೀ ಅಪಘಾತಕ್ಕೆ. ಇನ್ನೊಂದು ಮಧ್ಯದ್ದು, ಆಸ್ಪತ್ರೆಗೆ ಸೇರಿದರೆ ಕೊಡುತ್ತೆ, ಆದರೆ ದಿನಕ್ಕೆ ಇಷ್ಟೇ ಅಂತ ಮಿತಿ. ಮೂರನೆಯದು ದುಬಾರಿ, ಆಪರೇಷನ್ನು, ಆಂಬುಲೆನ್ಸು, ಔಷಧಿ ಎಲ್ಲ ಸೇರಿ. ಹಳೇ ಕಾಯಿಲೆಯನ್ನೂ ಅದೊಂದೇ ಒಪ್ಪುತ್ತಿತ್ತು. ನಾವು ಊಟ ಮಾಡಬೇಕೆಂದರೆ ನೆಲದ ಮೇಲೆ ಕೂರಬೇಕು, ಮೇಜು ಮುಟ್ಟುವ ಹಾಗಿಲ್ಲ.

"ಕಪ್ಪೆ ಕಚ್ಚಿದ್ರೆ ಕವರ್ ಇದೆಯಾ ನೋಡಿ ಭಾವ" ಅಂದೆ.

"ತಮಾಷೆ ಮಾಡ್ಬೇಡ. ಪ್ರಾಣಿ ಕಡಿತ ಏಳನೇ ಪುಟದಲ್ಲಿದೆ" ಅಂದರು. ನಿಜವಾಗಿಯೂ ಇತ್ತು!

ಕೊನೆಗೆ ಇಬ್ಬರಿಗೂ ದುಬಾರಿಯದೇ ಅಂತ ಗಟ್ಟಿಯಾಯಿತು. ಹೊರಡಲು ಎರಡು ವಾರವಿರುವಾಗ ಮೂವರೂ ವಿಮೆ ಕಚೇರಿಗೆ ಹೋದೆವು. ಗಾಜಿನ ಗೋಡೆಯ ಸಣ್ಣ ಕೋಣೆ, ಫ್ಯಾನಿಗೆ ಹಾರದಂತೆ ಕಾಗದಗಳ ಮೇಲೆ ಸ್ಟೇಪ್ಲರ್ ಇಟ್ಟುಕೊಂಡ ಒಬ್ಬ ಹುಡುಗಿ. ಚುರುಕಾಗಿದ್ದಳು, ಮಾತೂ ಚೆಂದ. ಭಾವನದು ಎರಡು ನಿಮಿಷದಲ್ಲಿ ಮುಗಿಯಿತು, ಅವರಿಗೆ ಜ್ವರ ಬಂದಿದ್ದೇ ಅವರಿಗೆ ನೆನಪಿಲ್ಲ. ಅಕ್ಕನ ಸರದಿ ಬಂದಾಗ ಹುಡುಗಿ ನಿಧಾನವಾಗಿ ಬಿಡಿಸಿ ಹೇಳಿದಳು.

"ಉಬ್ಬಸ ಇದ್ರೆ ತೊಂದ್ರೆ ಇಲ್ಲ ಮೇಡಂ. ನಮಗೆ ಬೇಕಾಗಿರೋದು ಇಷ್ಟೇ. ಆರು ತಿಂಗಳಿಂದ ಅದು ಹೇಗಿತ್ತೋ ಹಾಗೇ ಇರಬೇಕು. ಆಸ್ಪತ್ರೆ ಸೇರಿರಬಾರದು, ಹೊಸ ಔಷಧಿ ಶುರುವಾಗಿರಬಾರದು, ಡೋಸ್ ಬದಲಾಗಿರಬಾರದು."

ಭಾವ ಎದೆಯುಬ್ಬಿಸಿ, "ಬದಲಾಗೋದೇನು, ಕಮ್ಮಿನೇ ಆಗಿದೆ! ಎರಡು ಇದ್ದಿದ್ದು ಒಂದು ಮಾಡ್ಸಿದೀನಿ. ನಾನೇ ಹೇಳಿ ಮಾಡ್ಸಿದ್ದು" ಅಂದರು.

ಹುಡುಗಿಯ ಪೆನ್ನು ನಿಂತಿತು. "ಯಾವಾಗ ಸರ್?"

"ಎರಡು ತಿಂಗಳಾಯ್ತು."

"ಅಯ್ಯೋ ಸರ್... ಕಮ್ಮಿ ಮಾಡಿದ್ರೂ ಬದಲಾವಣೆನೇ. ಹೊಸ ಡೋಸ್ ಸರಿ ಹೋಗುತ್ತೋ ಇಲ್ವೋ ಅಂತ ಆರು ತಿಂಗಳು ಕಾಯ್ತಾರೆ. ಎರಡೇ ಇದ್ದಿದ್ರೆ ಏನೂ ಕೇಳ್ತಿರಲಿಲ್ಲ."

ಭಾವನಿಗೆ ಮೊದಲು ಅರ್ಥವೇ ಆಗಲಿಲ್ಲ. ವಾಸಿಯಾಗಿದ್ದು ತಪ್ಪಾ, ಕಮ್ಮಿ ಅಂದರೆ ಒಳ್ಳೇದಲ್ವಾ ಅಂತ ಮತ್ತೆ ಮತ್ತೆ ಕೇಳಿದರು. ಹುಡುಗಿ ಪಾಪ, ಒಂದೊಂದು ಸಲವೂ ತಾಳ್ಮೆಯಿಂದ ಅದನ್ನೇ ಹೇಳಿದಳು. ಅಕ್ಕನಿಗೆ ಪಾಲಿಸಿ ಕೊಡಬಹುದು, ಕಾಲು ಮುರಿದರೂ ಕೊಡುತ್ತಾರೆ, ಜ್ವರ ಬಂದರೂ ಕೊಡುತ್ತಾರೆ. ಉಸಿರಿಗೆ ಸಂಬಂಧಪಟ್ಟಿದ್ದು ಮಾತ್ರ ಇಲ್ಲ.

ಅಕ್ಕ ಮೇಜಿನ ಮೇಲೆ ಬಗ್ಗಿ ಮೆಲ್ಲಗೆ, "ಈಗ ಇವರು ಹೇಳಿದ್ದನ್ನ ಹೇಳೇ ಇಲ್ಲ ಅಂದ್ಕೊಂಡ್ರೆ?" ಅಂದಳು.

"ಪಾಲಿಸಿ ಸಿಗುತ್ತೆ ಮೇಡಂ. ಆದ್ರೆ ಅಲ್ಲಿ ಆಸ್ಪತ್ರೆ ಸೇರಿದ ದಿನ ಇಲ್ಲಿನ ಡಾಕ್ಟ್ರಿಂದ ಹಳೇದೆಲ್ಲಾ ತರಿಸಿ ನೋಡ್ತಾರೆ. ಮುಚ್ಚಿಟ್ಟಿದ್ದು ಗೊತ್ತಾದ್ರೆ ಕೈ ಎತ್ತಿಬಿಡ್ತಾರೆ. ನಮ್ಮಮ್ಮ ಆಗಿದ್ರೂ ಇದನ್ನೇ ಹೇಳ್ತಿದ್ದೆ."

"ಬೇಡ, ಇದ್ದಿದ್ದು ಇದ್ದ ಹಾಗೆ ಬರ್ಕೊಳಮ್ಮ" ಅಂದರು ಭಾವ. ಧ್ವನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು. ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಬೈಯಬೇಕು ಅಂತ ಹಿಂದೆ ಹೋದವಳು ನಾನು, ಆ ಪೆಚ್ಚು ಮೋರೆ ನೋಡಿ ಪಕ್ಕದಲ್ಲಿ ಕೂತೆ.

ಮಾರನೇ ದಿನ ಡಾಕ್ಟರ ಹತ್ತಿರ ಓಡಿದರು. ಮತ್ತೆ ಎರಡು ಪಫ್ ಬರೆದುಕೊಡಿ ಅಂತ ಕೇಳಿದರಂತೆ. ಡಾಕ್ಟರು, "ಮಾಸ್ಟ್ರೇ, ಈಗ ಹೆಚ್ಚು ಮಾಡಿದ್ರೆ ಅದು ಎರಡನೇ ಬದಲಾವಣೆ ಆಗುತ್ತೆ. ಇನ್ನೂ ಕೆಡುತ್ತೆ" ಅಂದರಂತೆ. ಅಲ್ಲಿಂದ ಸೂಪರ್‌ವೈಸರಿಗೆ ಫೋನು, ನಾಲ್ಕು ತಿಂಗಳು ಬಿಟ್ಟು ಬರಲಾ ಅಂತ. ಅವರೂ ಕೈ ಚೆಲ್ಲಿದರು. ಹೊಸ ಆಸ್ಪತ್ರೆಯ ಆರ್ಡರು ಕೂತಿದೆ, ಇಂಥ ದಿನವೇ ಕಟಿಂಗ್ ಶುರುವಾಗಲೇಬೇಕು, ನೀವು ಬರದಿದ್ದರೆ ಬೇರೆಯವರನ್ನು ತಗೋಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ ಅಂದರು. ತಪ್ಪೇನಿಲ್ಲ ಅವರದು.

ಹೀಗೆ ಎಲ್ಲ ಬಾಗಿಲೂ ಮುಚ್ಚಿ ಉಳಿದಿದ್ದು ಮೂರು ದಾರಿ. ಭಾವ ಕೆಲಸ ಬಿಡುವುದು. ಅಕ್ಕನನ್ನು ಉಸಿರಿಗೆ ವಿಮೆಯಿಲ್ಲದೆ ಆ ದೇಶದ ಚಳಿಗೆ ಕರೆದುಕೊಂಡು ಹೋಗುವುದು. ಅಥವಾ ಅವಳನ್ನು ಇಲ್ಲಿ ಬಿಟ್ಟು ಮೂರು ತಿಂಗಳು ಒಬ್ಬರೇ ಹೋಗುವುದು.

"ನಾನು ಹೋಗಲ್ಲ" ಅಂದರು ಭಾವ. ಪ್ಯಾಂಟು ಮಡಿಸಿಕೊಂಡೇ ಇರ್ತೀನಿ, ನಮಗೇನು ಕಮ್ಮಿ ಆಗಿದೆ ಅಂದರು.

"ನಾನೂ ಬರ್ತೀನಿ. ಮಫ್ಲರ್ ಸುತ್ಕೊಂಡು ಮನೆ ಒಳಗೇ ಕೂತಿರ್ತೀನಿ" ಅಂದಳು ಅಕ್ಕ.

"ನಿನ್ನನ್ನ ಆಂಬುಲೆನ್ಸಲ್ಲಿ ಇನ್ನೊಂದು ಸಲ ನಾನು ನೋಡಲ್ಲ. ಸಾಯ್ತೀನಿ ಅಷ್ಟೇ."

"ನನ್ನಿಂದ ಕೆಲಸ ಬಿಟ್ಟು ಮೂಲೇಲಿ ಕೂತ್ಕೊಂಡ್ರೆ ನಾನು ಸಾಯ್ತೀನಿ."

ಎರಡು ದಿನ ಮನೆಯಲ್ಲಿ ಮಾತಿಲ್ಲ. ಅವರು ಮುಂದಿನ ಕೋಣೆಯಲ್ಲಿ, ಇವಳು ಅಡುಗೆಮನೆಯಲ್ಲಿ, ಮಧ್ಯೆ ಅಂಚೆಯವಳ ಹಾಗೆ ನಾನು. ಉಪ್ಪು ಕೇಳಬೇಕಾದರೂ ನನ್ನ ಮೂಲಕ. ನನಗೆ ಪಿತ್ತ ನೆತ್ತಿಗೇರಿತು. "ಸಾಯ್ತೀನಿ ಸಾಯ್ತೀನಿ ಅಂತ ಇಬ್ರೂ ಪೈಪೋಟಿ ಮೇಲೆ ಹೇಳ್ತಿದೀರಲ್ಲ, ಅದಕ್ಕೇನು ಬಹುಮಾನ ಇಟ್ಟಿದಾರಾ? ಮೂರು ತಿಂಗಳು, ಮೂರೇ ತಿಂಗಳು! ಅವಳು ನನ್ನ ಹತ್ರ ಇರ್ತಾಳೆ. ನೀವು ಹೋಗಿ, ಕಂಪನಿ ವಿಮೆ ಬಂದ ದಿನ ಅವಳನ್ನ ನಾನೇ ವಿಮಾನ ಹತ್ತಿಸ್ತೀನಿ" ಅಂತ ಕೂಗಾಡಿದೆ. ಇಬ್ಬರೂ ಕಣ್ಣು ಕಣ್ಣು ಬಿಟ್ಟರು. ಕೊನೆಗೆ ಅಕ್ಕ, "ಹೋಗಿ ಬನ್ನಿ ರೀ" ಅಂದಳು. ಅಷ್ಟಂದು ಒಲೆಯ ಕಡೆ ತಿರುಗಿಕೊಂಡಳು.

ಒಬ್ಬರೇ ಹೋಗುವುದು ಅಂತ ಆದ ಮೇಲೆ ಭಾವ ಇನ್ನೊಂದು ಕಿತಾಪತಿ ತೆಗೆದರು. ನನ್ನೊಬ್ಬನಿಗೆ ದುಬಾರಿ ವಿಮೆ ಯಾಕೆ, ಅಗ್ಗದ್ದೇ ಸಾಕು, ನನಗೇನಾಗುತ್ತೆ ಗುಂಡುಕಲ್ಲು ಇದ್ದ ಹಾಗಿದೀನಿ ಅಂತ. ಎರಡು ಛತ್ರಿ ಹಿಡಿದು ತಿರುಗುವ ಮನುಷ್ಯನಿಗೆ ತನ್ನ ಮೈ ಅಂದರೆ ಇಷ್ಟು ಅಸಡ್ಡೆ! ಅಕ್ಕ ಅಗ್ಗದ ಕಾಗದವನ್ನು ಮೇಜಿನಿಂದ ಎತ್ತಿ ಅದರಲ್ಲಿ ಕರಿಬೇವು ಕಟ್ಟಿ ಫ್ರಿಜ್ಜಿಗೆ ಹಾಕಿದಳು. ದುಬಾರಿಯದೇ ಆಯಿತು.

ಭಾವ ಹೋದರು. ವಿಮಾನ ನಿಲ್ದಾಣದಲ್ಲಿ ಎಷ್ಟು ಮೊದಲು ಹೋಗಿ ಕೂತಿದ್ದೆವು ಅಂತ ಹೇಳಿದರೆ ನೀವು ನಗುತ್ತೀರಿ, ಬಿಡಿ.

ಅಲ್ಲಿ ಅವರಿಗೆ ವರ್ಕ್‌ಶಾಪಿನ ಹಿಂದಿನ ಬೀದಿಯಲ್ಲೇ ಒಂದು ಕೋಣೆ. ಎರಡನೇ ಮಹಡಿ. ಕಿಟಕಿ ತೆರೆದರೆ ಕಾರು ನಿಲ್ಲಿಸುವ ಜಾಗ. ಕುರ್ಚಿ ಒಂದೇ ಸಾಕಿದ್ದರೂ ಎರಡು ಕೊಂಡಿದ್ದರು. ದಿನಾ ಮಧ್ಯಾಹ್ನದ ಊಟದ ಬಿಡುವಿನಲ್ಲಿ ವೀಡಿಯೊ ಕಾಲ್. ಅಕ್ಕ ನನ್ನ ಮನೆಯ ಅಡುಗೆಕಟ್ಟೆಗೆ ಫೋನು ಒರಗಿಸಿ ತರಕಾರಿ ಹೆಚ್ಚುತ್ತ ಮಾತಾಡುತ್ತಿದ್ದಳು. ಅಲ್ಲಿನ ಬಟ್ಟೆ ಹೇಗೆ ಜಾರುತ್ತೆ, ಕತ್ತರಿಸುವ ಹುಡುಗರು ಗ್ಲೌಸು ಹಾಕದೆ ಹೇಗೆ ಜೀವ ತಿನ್ನುತ್ತಾರೆ, ಎಲ್ಲ ವರದಿ. ತಿಂದಿರಾ ಅಂತ ಇವಳು ಅಂದರೆ ಪಫ್ ತಗೊಂಡ್ಯಾ ಅಂತ ಅವರು. ಮಾತು ಮುಗಿದ ಮೇಲೂ ಕಾಲ್ ಕಟ್ ಮಾಡುತ್ತಿರಲಿಲ್ಲ. ಅವರು ಅಲ್ಲಿ ಉಣ್ಣುತ್ತಿದ್ದರು, ಇವಳು ಇಲ್ಲಿ ಹೆಚ್ಚುತ್ತಿದ್ದಳು, ಅಷ್ಟೇ.

ಎರಡು ತಿಂಗಳು ಕಳೆಯಿತು. ಇನ್ನೇನು ಬಂತು ಅಂತ ಅಕ್ಕ ಸೂಟ್‌ಕೇಸಿನ ಧೂಳು ಒರೆಸಿಟ್ಟಿದ್ದಳು. ಒಂದು ದಿನ ಮಧ್ಯಾಹ್ನ ಕಾಲ್ ಬರಲಿಲ್ಲ. ಇವಳು ಮಾಡಿದರೆ ಎತ್ತಲಿಲ್ಲ. ನಾನು ಕ್ಲಿನಿಕ್ಕಿನಿಂದ ಬರುವ ಹೊತ್ತಿಗೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು. ಅಷ್ಟರಲ್ಲಿ ಸೂಪರ್‌ವೈಸರ ಫೋನು ಬಂತು. ಕಟಿಂಗ್ ಮಾಡುತ್ತಿದ್ದ ಹಾಗೇ ಹೊಟ್ಟೆ ಹಿಡಿದುಕೊಂಡು ಕುಸಿದರಂತೆ. ಪಿತ್ತಕೋಶದಲ್ಲಿ ಕಲ್ಲಿದ್ದು ಕೀವಾಗಿದೆ, ಆಪರೇಷನ್ ನಡೀತಿದೆ, ಹೆದರಬೇಡಿ ಮೇಡಂ ಅಂದರು. ಹೆದರಬೇಡಿ ಅಂದರೆ ಹೆದರದೇ ಇರೋಕಾಗುತ್ತಾ? ಅಕ್ಕ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳು ಅಂದರೆ ಬಳೆಯ ಗುರುತು ಬಿದ್ದಿತ್ತು.

ಮಾರನೇ ದಿನ ಭಾವನೇ ಮಾತಾಡಿದರು. ದನಿ ಸಣ್ಣಗಿತ್ತು, ಆದರೂ ಜಂಬಕ್ಕೆ ಕಮ್ಮಿಯಿಲ್ಲ.

"ಎಲ್ಲಾ ಕವರ್ ಆಗಿದೆ ಕಣೇ. ಆಪರೇಷನ್ನು, ಔಷಧಿ, ಆಂಬುಲೆನ್ಸು, ಎಲ್ಲಾ. ನೀನು ಆ ಅಗ್ಗದ್ದರಲ್ಲಿ ಕರಿಬೇವು ಕಟ್ಟಿದ್ದೇ ಒಳ್ಳೇದಾಯ್ತು. ಕಾಲುಚೀಲ ಕೂಡ ಕೊಟ್ಟಿದಾರೆ, ಹೊಲಿಗೆ ಅಷ್ಟೊಂದು ಚೆನ್ನಾಗಿಲ್ಲ. ಇನ್ನೂ ಹತ್ತು ದಿನ ಇರಬೇಕಂತೆ, ಅದೂ ಕವರ್ ಆಗಿದೆ."

"ನೋವಿದೆಯಾ?"

"ಇಲ್ಲ ಬಿಡು." ಆಮೇಲೆ ಅಂದರು, "ಒಳಗೆ ಕರ್ಕೊಂಡು ಹೋಗೋವಾಗ ನರ್ಸು ಕನ್ನಡಕ ತೆಗೆದು, ಇದನ್ನ ಯಾರ ಕೈಲಿ ಕೊಡ್ಲಿ ಅಂತ ಕೇಳಿದ್ಳು. ನಾನು ಆ ಕಡೆ ಈ ಕಡೆ ನೋಡಿದೆ. ನೀವೇ ಇಟ್ಕೊಳ್ಳಮ್ಮ ಅಂದೆ."

ಅಕ್ಕ "ಹೂಂ" ಅಂದಳು. ಫೋನು ಇಟ್ಟಳು. ನೇರ ಒಳಗೆ ಹೋಗಿ ಸೂಟ್‌ಕೇಸು ಕೆಳಗಿಳಿಸಿದಳು.

ನನಗೆ ಗೊತ್ತಾಯಿತು. ಬಾಗಿಲಿಗೆ ಅಡ್ಡ ನಿಂತೆ. "ಅಕ್ಕಾ, ಹುಚ್ಚು ಹಿಡಿದಿದ್ಯಾ? ಕಂಪನಿ ವಿಮೆ ಬರೋಕೆ ಇನ್ನೂ ಮೂರು ವಾರ ಇದೆ. ಅಲ್ಲಿ ಈಗ ಮೈ ಕೊರೆಯೋ ಚಳಿ. ಉಸಿರಿಗೆ ನಿನಗೆ ಏನೂ ಇಲ್ಲ, ನೆನಪಿದೆ ತಾನೇ?"

"ನೆನಪಿದೆ. ಉಸಿರು ಬಿಟ್ಟು ಮಿಕ್ಕಿದ್ದಕ್ಕೆಲ್ಲಾ ಕೊಡ್ತಾರಲ್ಲ, ಅದನ್ನ ಮಾಡ್ಸು. ಟಿಕೆಟ್ ನೋಡು."

"ಮೂರೇ ಮೂರು ವಾರ ತಡ್ಕೊಳೇ. ಇಷ್ಟು ದಿನ ತಡೆದಿದೀಯ."

"ಮೂರು ವಾರ ಹುಷಾರಾಗಿ ಉಸಿರಾಡ್ತೀನಿ, ದಾರಿ ಬಿಡು" ಅಂದಳು. ನಗುತ್ತಿರಲಿಲ್ಲ. ನಾನು ಅತ್ತುಬಿಟ್ಟೆ. ಬೈದೆ, ಬೇಡಿಕೊಂಡೆ, ಭಾವನಿಗೆ ಫೋನು ಮಾಡಿ ಹೇಳ್ತೀನಿ ಅಂತ ಹೆದರಿಸಿದೆ. ಅವಳ ಪಾಡಿಗೆ ಅವಳು ಸ್ವೆಟರ್ ಮಡಿಸಿ ಇಡುತ್ತಿದ್ದಳು. ಹಠ ಅವರಿಗಿಂತ ಇವಳದ್ದೇ ಜಾಸ್ತಿ ಅಂತ ನನಗೆ ಅವತ್ತು ಗೊತ್ತಾಯಿತು. ಉಸಿರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಅವರು ಬೇಡ ಅಂದಾರು ಅಂತ ಆಸೆ. ಅವರು ಎರಡು ಹೆಚ್ಚಿನ ಪಂಪು ಕೊಟ್ಟು, ಹೊರಗೆ ಹೋಗುವಾಗ ಮೂಗು ಬಾಯಿ ಮುಚ್ಚಿಕೊಳ್ಳಿ ಅಂದರು. ಮೂರನೇ ದಿನ ವಿಮಾನ ಹತ್ತಿಸಿದೆ.

ಅವಳು ತಲುಪಿದ ಸ್ವಲ್ಪ ಹೊತ್ತಿಗೆ ಭಾವನ ಫೋನು ಬಂತು. ವಾರ್ಡಿನಿಂದ. ಎತ್ತಿದ್ದೇ ತಡ ಬೈಗುಳದ ಸುರಿಮಳೆ.

"ನಿಂಗೆ ಬುದ್ಧಿ ಇದೆಯಾ? ದೊಡ್ಡವಳು ಹಠ ಮಾಡಿದ್ರೆ ಸಣ್ಣವಳಿಗಾದ್ರೂ ತಲೆ ಬೇಡ್ವಾ? ಕವರ್ ಇಲ್ದೆ ಕಳಿಸ್ತಾರಾ ಯಾರಾದ್ರೂ? ಮೊದಲು ಇವಳಿಗೆ ವಾಪಸ್ ಟಿಕೆಟ್ ಮಾಡ್ಸು!"

ಬೇರೆ ದಿನವಾಗಿದ್ದರೆ ಒಂದಕ್ಕೆ ನಾಲ್ಕು ತಿರುಗಿಸುತ್ತಿದ್ದೆ. ಅವತ್ತು ಸುಮ್ಮನೆ ಕೇಳಿಸಿಕೊಂಡೆ. ಆಮೇಲೆ ಅಕ್ಕ ಫೋನು ತಗೊಂಡು, "'ಬೈದು ಮುಗೀತು, ಈಗ ನನ್ನ ಕೈ ಬಿಡ್ರಿ, ಶೂ ಬಿಚ್ಚಬೇಕು' ಅಂದ್ರೆ ಬಿಡ್ತಾ ಇಲ್ಲ ಕಣೇ" ಅಂದಳು.

ಆ ಮೂರು ವಾರ ನಾನು ಹೇಗೆ ಕಳೆದೆ ಅಂತ ನನಗೇ ಗೊತ್ತು. ಬೆಳಗ್ಗೆ ಎದ್ದ ಕೂಡಲೇ ಫೋನು. ಅವಳು ಏನು ಹೇಳುತ್ತಾಳೆ ಅನ್ನುವುದಕ್ಕಿಂತ ಮಾತಿನ ನಡುವೆ ಎಲ್ಲಿ ನಿಲ್ಲಿಸುತ್ತಾಳೆ ಅಂತಲೇ ಕಿವಿಗೊಡುತ್ತಿದ್ದೆ. ಒಂದು ಸಲ ಆ ಕಡೆಯಿಂದ ಕೆಮ್ಮು ಕೇಳಿ ಜೀವ ಬಾಯಿಗೆ ಬಂತು. "ನಾನಲ್ಲ ಮಹರಾಯ್ತಿ, ಪಕ್ಕದ ಬೆಡ್‌ನೋರು" ಅಂದಳು. ಭಾವನನ್ನು ಮನೆಗೆ ಕಳಿಸಿದರು. ಚೆನ್ನಾಗಿದೀನಿ ಅಂತ ದಿನಾ ಹೇಳುತ್ತಿದ್ದಳು, ನಾನೂ ದಿನಾ ನಂಬುತ್ತಿದ್ದೆ.

ಕಂಪನಿ ವಿಮೆ ಶುರುವಾದ ದಿನ ಭಾವ ಕಾರ್ಡಿನ ಫೋಟೊ ಕಳಿಸಿದರು. ಗಂಡ ಹೆಂಡತಿ ಇಬ್ಬರ ಹೆಸರೂ ಇತ್ತು. "ಇವತ್ತಿಂದ ನಿಮ್ಮಕ್ಕ ಧಾರಾಳವಾಗಿ ಕೆಮ್ಮಬಹುದು" ಅಂತ ಕೆಳಗೆ ಬರೆದಿದ್ದರು. ನಾನು ಕ್ಲಿನಿಕ್ಕಿನಲ್ಲಿ ಕೂತು ಒಬ್ಬಳೇ ನಕ್ಕೆ.

ಸಂಜೆ ಅಕ್ಕನ ಫೋನು ಬಂತು. ದನಿ ಗುಸುಗುಸು, ಹಿಂದೆ ನಲ್ಲಿ ನೀರು ಬಿಟ್ಟಿದ್ದಳು.

"ನಾಳೆ ಇಲ್ಲಿ ಡಾಕ್ಟ್ರ ಹತ್ರ ಹೋಗ್ತಿದೀನಿ. ಸುಮ್ನೆ ತೋರ್ಸೋಕೆ ಅಂತ ಇವರಿಗೆ ಹೇಳಿದೀನಿ. ನಿಂಗೊಂದು ಹೇಳ್ತೀನಿ, ಕೂಗಾಡಬಾರದು."

"ಏನು?"

"ಬಂದ ಎರಡನೇ ವಾರ ಸಾಮಾನು ತರೋಕೆ ಹೋಗಿದ್ದೆ. ವಾಪಸ್ ಬರೋವಾಗ ಮೆಟ್ಟಿಲ ಮೇಲೆ ಉಸಿರು ಹಿಡ್ಕೊಂಡುಬಿಡ್ತು. ಆವತ್ತಿನ ಥರಾನೇ. ಚೀಲ ಕೆಳಗಿಟ್ಟು ಪಂಪ್ ಎಳ್ಕೊಂಡೆ, ನಿಲ್ಲಲಿಲ್ಲ. ಮತ್ತೆ ಎಳ್ಕೊಂಡೆ. ಗೋಡೆ ಹಿಡಿದು 'ಇವತ್ತು ಬೇಡ, ಇವತ್ತು ಬೇಡ' ಅಂತ ಅಂದ್ಕೊಂಡು ಕೂತೇ ಇದ್ದೆ. ಯಾರೋ ಒಬ್ಬ ಹೆಂಗಸು ಬಂದು ಫೋನ್ ಮಾಡ್ಲಾ ಅಂದ್ಲು, ಬೇಡ ಅಂತ ಕೈಯಾಡ್ಸಿದೆ. ಆಮೇಲೆ ತಾನಾಗೇ ಬಿಡ್ತು."

"ಭಾವ?"

"ಒಳಗೆ ಮಲಗಿದ್ರು. ಬಾಗಿಲಾಚೆ ಇಪ್ಪತ್ತು ಹೆಜ್ಜೆ ಇರ್ಲಿಲ್ಲ."

"ಕರೀಬೇಕಿತ್ತಲ್ಲೇ!"

"ಕರೆದಿದ್ರೆ ಹೊಟ್ಟೆ ಹೊಲಿಗೆ ಹಿಡ್ಕೊಂಡು ಎದ್ದು ಬಂದುಬಿಡ್ತಿದ್ರು. ಮಾರನೇ ದಿನವೇ ನನ್ನ ವಾಪಸ್ ಕಳಿಸ್ತಿದ್ರು. ಮುಖ ತೊಳ್ಕೊಂಡು ಒಳಗೆ ಹೋದೆ. ಯಾಕೆ ಇಷ್ಟು ಹೊತ್ತು ಅಂದ್ರು, ಅಂಗಡೀಲಿ ಜನ ಅಂದೆ."

ಕೂಗಾಡಬೇಕು ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಆ ಕಡೆಯಿಂದ ಭಾವನ ಕೂಗು ಕೇಳಿಸಿತು. "ಯಾರ ಜೊತೆ ಗುಸುಗುಸು? ಬಾರೇ, ಊಟ ಆರ್ತಾ ಇದೆ."

"ಬಂದೆ ರೀ" ಅಂದಳು ಅಕ್ಕ. ನಲ್ಲಿ ನಿಲ್ಲಿಸಿದಳು.